ಇನ್ಸಿನರೇಟರ್: ಚಿಮಣಿ ಇಟ್ಟ ಮಾತ್ರಕ್ಕೆ ಆಗುವುದಲ್ಲ

ಕಲಬುರಗಿಯ ಒಂದು ಹಾಸ್ಟೆಲ್ ಹಿತ್ತಲು. ಇಟ್ಟಂಗಿ ಗೂಡು, ಮೇಲೊಂದು ತಗಡಿನ ಕೊಳವೆ, ಗೋಡೆ ಮೇಲೆ ಕೆಂಪು ಬಣ್ಣದಲ್ಲಿ ದೊಡ್ಡದಾಗಿ 'ಇನ್ಸಿನರೇಟರ್', ಅಂದರೆ ಕಸ ಸುಡುವ ಯಂತ್ರ. ಒಳಗೆ ಅರ್ಧ ಸುಟ್ಟ ಪ್ಯಾಡು, ಮುದುಡಿದ ಹಾಲಿನ ಪ್ಯಾಕೆಟ್, ಒಂದು ಹರಿದ ಚಪ್ಪಲಿ. ಶಾಲೆ, ನರ್ಸಿಂಗ್ ಹೋಮ್, ಕಲ್ಯಾಣ ಮಂಟಪ ಎಲ್ಲ ಕಡೆ ಇದೇ ಹೆಸರು ನೋಡಿ ನೋಡಿ ಸಾಕಾಗಿದೆ. ಅದು ಒಲೆ ರೀ. ಬೇಕಿದ್ದರೆ ಭಟ್ಟಿ ಅನ್ನಿ.

ಸುಡುವುದು ಅಂದರೆ ನಮ್ಮ ಕಣ್ಣು ಬೆಂಕಿ ಮೇಲೆ ಹೋಗುತ್ತದೆ. ಇನ್ಸಿನರೇಟರ್‌ನ ಅಸಲಿ ಕೆಲಸ ಇರುವುದು ಹೊಗೆಯಲ್ಲಿ. ಕಸ ಕಾದಾಗ ಮೊದಲು ಗ್ಯಾಸ್ ಹೊರಡುತ್ತದೆ, ಅದು ಪೂರ್ತಿ ಉರಿಯದೆ ಆಚೆ ಬಂದರೆ ಅದೇ ಕಪ್ಪು ಹೊಗೆ, ಅದೇ ಗಬ್ಬು ವಾಸನೆ. ಅದಕ್ಕೇ ಎರಡು ಕೋಣೆ ಇರುತ್ತವೆ, ಒಂದು ಕಸ ಸುಡಲು, ಇನ್ನೊಂದು ಆ ಗ್ಯಾಸ್ ಸುಡಲು. ಆಸ್ಪತ್ರೆ ಕಸದ 2016ರ ನಿಯಮದ ಪ್ರಕಾರ ಮೊದಲ ಕೋಣೆ ಕನಿಷ್ಠ 800 ಡಿಗ್ರಿ, ಎರಡನೆಯದು 1050 ಆಸುಪಾಸು ಇರಬೇಕು, ಆ ಎರಡನೇ ಕೋಣೆಯಲ್ಲಿ ಗ್ಯಾಸ್ ಕನಿಷ್ಠ 2 ಸೆಕೆಂಡ್ ನಿಲ್ಲಬೇಕು, ಚಿಮಣಿ ನೆಲದಿಂದ 30 ಮೀಟರ್ ಎತ್ತರ ಇರಬೇಕು. 1998ರ ನಿಯಮದಲ್ಲಿ 1 ಸೆಕೆಂಡ್ ಸಾಕಿತ್ತು.

ಮಷೀನ್ ಮಾರಲು ಬಂದವರನ್ನು ಎಲ್ಲರೂ 'ಎಷ್ಟು ಡಿಗ್ರಿ ಹೋಗುತ್ತದೆ' ಅಂತಲೇ ಕೇಳುತ್ತಾರೆ. ಗ್ಯಾಸ್ ಎಷ್ಟು ಹೊತ್ತು ಒಳಗಿರುತ್ತದೆ, ಗಾಳಿ ಜೊತೆ ಸರಿಯಾಗಿ ಬೆರೆಯುತ್ತದೋ ಇಲ್ಲವೋ ಅಂತ ಕೇಳುವವರು ಕಡಿಮೆ. ಇವೆರಡೂ ಇಲ್ಲದಿದ್ದರೆ ಬರೀ ಬಿಸಿ ಇಟ್ಟುಕೊಂಡು ಏನು ಮಾಡುವುದು? ಅಷ್ಟಾದರೂ ಮುಗಿಯಲಿಲ್ಲ. ಕಸದಲ್ಲಿ ಕ್ಲೋರಿನ್ ಇದ್ದು, ಗ್ಯಾಸ್ ತಣಿಯುವಾಗ ಸುಮಾರು 450ರಿಂದ 200 ಡಿಗ್ರಿ ನಡುವೆ ಜಾಸ್ತಿ ಹೊತ್ತು ಉಳಿದರೆ, ಡಯಾಕ್ಸಿನ್ ಅನ್ನುವ ಘೋರ ವಿಷ ಮತ್ತೆ ಹುಟ್ಟಿಕೊಳ್ಳುತ್ತದೆ. ಅದಕ್ಕೆ ಅಲ್ಲಿ ಗ್ಯಾಸನ್ನು ಗಬಕ್ಕನೆ ತಣಿಸಬೇಕು. ಪಿವಿಸಿಯಂಥ ಕ್ಲೋರಿನ್ ಇರುವ ಪ್ಲಾಸ್ಟಿಕ್ ಹಾಕಲೇಬಾರದು ಅನ್ನುವುದೂ ಇದೇ ಕಾರಣಕ್ಕೆ.

ಇನ್ನು ಯಾವ ಕಸಕ್ಕೆ ಯಾವುದು? ಕಣ್ಣಿ ಮಾರ್ಕೆಟ್‌ನ ಕೊಳೆತ ಸೊಪ್ಪು, ಟೊಮ್ಯಾಟೊ, ಬೇಸಿಗೆಯ ಕಲ್ಲಂಗಡಿ ಸಿಪ್ಪೆ ಯಾವ ಇನ್ಸಿನರೇಟರ್‌ಗೂ ಬೇಡ. ಕುದಿಯುತ್ತಿರುವ ಒಂದು ಕಿಲೋ ನೀರು ಆವಿಯಾಗಲು ಸುಮಾರು 540 ಕಿಲೋಕ್ಯಾಲರಿ ನುಂಗುತ್ತದೆ, ಆ ಶಾಖವನ್ನು ಕೊಡುವುದು ನಿಮ್ಮ ದುಡ್ಡಿನ ಡೀಸೆಲ್. ಒಣಗಿದ ತೊಗರಿ ಕಟ್ಟಿಗೆ ಒಂದೇ ಕಡ್ಡಿಗೆ ಹತ್ತಿಕೊಳ್ಳುತ್ತದೆ, ಮಳೆಗೆ ನೆನೆದದ್ದು ಊದಿ ಊದಿ ಕಣ್ಣೀರು ಬರಿಸುತ್ತದೆ, ಅಷ್ಟೇ ಲೆಕ್ಕ. ಹಸಿ ಕಸ ಗೊಬ್ಬರಕ್ಕೋ ಬಯೋಗ್ಯಾಸ್‌ಗೋ ಹೋಗಲಿ. ಊರ ಕಸದ 2016ರ ನಿಯಮದಲ್ಲೂ ಕಿಲೋಗೆ 1500 ಕಿಲೋಕ್ಯಾಲರಿ ಅಥವಾ ಅದಕ್ಕಿಂತ ಜಾಸ್ತಿ ಶಾಖ ಕೊಡುವ, ಮರುಬಳಕೆ ಆಗದ ಕಸವನ್ನು ಗುಂಡಿಗೆ ತುಂಬದೆ ಇಂಧನ ಮಾಡಲು ಹೇಳಿದ್ದರು. ದೊಡ್ಡ ಊರುಗಳ ಇಂಥ ಬೆರಕೆ ಕಸಕ್ಕೆ ಚಲಿಸುವ ಜಾಲರಿ ಮೇಲೆ ಸುಡುವ ಘಟಕ ಸರಿ. ಕೆಸರಿಗೆ, ಒಂದೇ ಅಳತೆಗೆ ಕತ್ತರಿಸಿದ ಕಸಕ್ಕೆ ಬಿಸಿ ಮರಳಿನಲ್ಲಿ ಗಾಳಿ ಊದಿ ಸುಡುವ ಘಟಕ. ಚಪ್ಪಲಿ, ಕಲ್ಲು, ತಂತಿ ಸಿಕ್ಕರೆ ಅದು ಕೆಟ್ಟು ಕೂರುತ್ತದೆ.

ರೋಟರಿ ಕಿಲ್ನ್, ಅಂದರೆ ತಿರುಗುವ ಭಟ್ಟಿಯ ವಿಷಯಕ್ಕೆ ಬಂದರೆ ನಮ್ಮ ಕಡೆ ಗೊಂದಲ ಜಾಸ್ತಿ, ಯಾಕೆಂದರೆ ಸೇಡಂ, ಮಳಖೇಡ, ವಾಡಿ ಸಿಮೆಂಟ್ ಕಾರ್ಖಾನೆಗಳಲ್ಲೂ ಇರುವುದು ರೋಟರಿ ಕಿಲ್ನೇ. 'ಕಿಲ್ನ್ ಇದೆಯಲ್ಲ, ಊರ ಕಸ, ಆಸ್ಪತ್ರೆ ಕಸ ಎಲ್ಲ ಅದಕ್ಕೇ ಹಾಕಿ' ಅನ್ನುವವರಿದ್ದಾರೆ. ಎರಡೂ ಓರೆಯಾಗಿ ಮಲಗಿದ, ನಿಧಾನ ತಿರುಗುವ ಉದ್ದ ಕೊಳವೆ ಅನ್ನುವುದು ನಿಜ. ಆದರೆ ಇನ್ಸಿನರೇಟರ್ ಕಿಲ್ನ್ ಇರುವುದು ಕಸವನ್ನು ಇಲ್ಲವಾಗಿಸಲು. ಹಿಂದೆ ಎರಡನೇ ಕೋಣೆ ಇರುತ್ತದೆ, ಕೊನೆಗೆ ಬೂದಿ ಉಳಿಯುತ್ತದೆ. ಸಿಮೆಂಟ್ ಕಿಲ್ನ್ ಇರುವುದು ಸುಣ್ಣಕಲ್ಲನ್ನು 1450 ಡಿಗ್ರಿಯಲ್ಲಿ ಬೇಯಿಸಿ ಕ್ಲಿಂಕರ್, ಅಂದರೆ ಅರೆದರೆ ಸಿಮೆಂಟ್ ಆಗುವ ಗಟ್ಟಿ ಉಂಡೆ, ಮಾಡಲು. ಅಲ್ಲಿ ಕಸ ಬರೀ ಕಲ್ಲಿದ್ದಲ ಬದಲಿ, ಅದರ ಬೂದಿ ಕ್ಲಿಂಕರ್ ಒಳಗೇ ಸೇರಿಹೋಗುತ್ತದೆ. ಕೇಳಲು ಚೆಂದ. ಆದರೆ ಕ್ಲೋರಿನ್ ಹೆಚ್ಚಾದರೆ ಕಿಲ್ನ್‌ಗೂ ಮುಂಚೆ ಕಲ್ಲಿನ ಪುಡಿ ಕಾಯಿಸುವ ಸೈಕ್ಲೋನ್ ಅನ್ನುವ ಕೊಳವೆಗಳಲ್ಲಿ ಗಟ್ಟಿ ಪದರ ಕಟ್ಟಿ ದಾರಿ ಮುಚ್ಚಿಕೊಳ್ಳುತ್ತದೆ. ಹಾಗಾಗಿ ಅವರಿಗೆ ಬೇಕಾದದ್ದು ವಿಂಗಡಿಸಿ, ಒಣಗಿಸಿ, ಕತ್ತರಿಸಿದ ಆರ್‌ಡಿಎಫ್, ಅಂದರೆ ಕಸದಿಂದ ಮಾಡಿದ ಇಂಧನ. ವಿಂಗಡಿಸದ ಊರ ಕಸ, ಆಸ್ಪತ್ರೆ ಕಸ, ಬ್ಯಾಟರಿ ಇವೆಲ್ಲ ಅಲ್ಲಿಗೆ ನಿಷಿದ್ಧ. ಬೀದರ್‌ನ ಕೊಳಾರ, ಯಾದಗಿರಿಯ ಕಡೇಚೂರು ಕಡೆಯ ಔಷಧ, ಕೆಮಿಕಲ್ ಕಾರ್ಖಾನೆಗಳಿಂದ ಹೊರಡುವಂಥ ಅಪಾಯಕಾರಿ ಕಸ, ಅಂದರೆ ಗಟ್ಟಿ, ಕೆಸರು, ದ್ರವ ಎಲ್ಲ ಒಟ್ಟಿಗೆ ಇದ್ದರೆ, ಆಗ ಇನ್ಸಿನರೇಟರ್ ಜಾತಿಯ ರೋಟರಿ ಕಿಲ್ನ್. ಬರೀ ದ್ರಾವಕವಾದರೆ ಸಿಂಪಡಿಸಿ ಸುಡುವ ಸಣ್ಣ ಘಟಕ ಸಾಕು.

ಆಸ್ಪತ್ರೆಯವರಿಗೆ ಒಂದು ಮಾತು. ರಕ್ತ ಹತ್ತಿದ ಬ್ಯಾಂಡೇಜ್‌ನಂಥ ಕಸದ ಹಳದಿ ಚೀಲ ಮಾತ್ರ ಸುಡಲು. ಕೆಂಪು ಚೀಲದ ಸಲೈನ್ ಪೈಪ್, ಸೂಜಿ ತೆಗೆದ ಸಿರಿಂಜ್, ಗ್ಲೌಸ್ ಎಲ್ಲ ಬಿಸಿ ಹಬೆಯಲ್ಲಿ ರೋಗಾಣು ಕೊಲ್ಲುವ ಆಟೋಕ್ಲೇವ್‌ಗೆ, ಆಮೇಲೆ ಪುಡಿ ಮಾಡಿ ಮರುಬಳಕೆಗೆ. ಅವಧಿ ಮುಗಿದ ಕ್ಯಾನ್ಸರ್ ಔಷಧಿಗಳಿಗೆ 1200 ಡಿಗ್ರಿಗಿಂತ ಮೇಲೆ ಬೇಕು, ಮಾಮೂಲಿ ಘಟಕಕ್ಕೆ ಅದು ಆಗುವ ಕೆಲಸವಲ್ಲ. 75 ಕಿಲೋಮೀಟರ್ ಒಳಗೆ ಸಾಮೂಹಿಕ ಘಟಕ ಇದ್ದರೆ ಆಸ್ಪತ್ರೆ ತನ್ನದೇ ಇನ್ಸಿನರೇಟರ್ ಕಟ್ಟುವ ಹಾಗೂ ಇಲ್ಲ. ಆದರೂ ಹಿತ್ತಲಲ್ಲಿ ಒಂದು ಗೂಡು ಯಾಕೆ ಬೇಕು, ಹೇಳಿ.

ಕೊನೆಗೆ ಬೂದಿ. ಆಸ್ಪತ್ರೆ ಇನ್ಸಿನರೇಟರ್‌ನ ಬೂದಿಯಲ್ಲಿ ಉಳಿದ ಸಾವಯವ ಇಂಗಾಲ 3 ಶೇಕಡಾಕ್ಕಿಂತ ಕಡಿಮೆ ಇರಬೇಕು. ವಿಷದ ಲೋಹಗಳು ಮಿತಿ ಮೀರಿದ್ದರೆ ಅದು ಅಪಾಯಕಾರಿ ಕಸ, ಅದಕ್ಕೆಂದೇ ಇರುವ ಜಾಗಕ್ಕೆ ಹೋಗಬೇಕು. ಬೇವಿನ ಗಿಡದ ಬುಡಕ್ಕೆ ಸುರಿಯುವುದಲ್ಲ.