ಓದು, ಕಸುಬು, ಶಾಲೆಯ ಆಯ್ಕೆ: ಯಾವುದು ಮೊದಲು?

ಸರ್ಕಾರಿ ಶಾಲೆಗಳ ಸುಧಾರಣೆ ಅಂದಾಗಲೆಲ್ಲ ಮೂರು ದಾರಿಗಳ ಹೆಸರು ಬರುತ್ತದೆ: ಮಕ್ಕಳಿಗೆ ಸರಿಯಾಗಿ ಓದಲು ಕಲಿಸುವುದು, ಕಸುಬು ಕಲಿಸುವುದು, ಶಾಲೆಯನ್ನು ಪೋಷಕರೇ ಆರಿಸಲು ಬಿಡುವುದು. ಸಾಮಾನ್ಯವಾಗಿ ಮೂರನ್ನೂ ಒಂದೇ ಸಾಲಿನಲ್ಲಿ ಕೂರಿಸುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಓದು ಗಟ್ಟಿಯಾಗದೆ ಉಳಿದೆರಡು ನಿಲ್ಲುವುದಿಲ್ಲ. ಹಾಗಾಗಿ ಇಲ್ಲಿ ಓದಿಗೇ ಜಾಸ್ತಿ ಜಾಗ.

1986ರಲ್ಲಿ ಗಾಫ್ ಮತ್ತು ಟನ್ಮರ್ ಎಂಬ ಸಂಶೋಧಕರು ಒಂದು ಸರಳ ಸೂತ್ರ ಕೊಟ್ಟರು. ಓದಿ ತಿಳಿಯುವುದು = ಅಕ್ಷರ ಬಿಡಿಸಿ ಓದುವುದು × ಮಾತು ಅರ್ಥವಾಗುವುದು. ಆ ಗುಣಾಕಾರದ ಗುರುತನ್ನು ಸರಿಯಾಗಿ ನೋಡಿ. ಕೂಡುವ ಲೆಕ್ಕವಾಗಿದ್ದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತಿತ್ತು. ಗುಣಿಸುವಾಗ ಒಂದು ಸೊನ್ನೆಯಾದರೂ ಉತ್ತರ ಸೊನ್ನೆಯೇ, ಅಲ್ವಾ?

‘ಹಕ್ಕಿ ಮರದ ಪೊಟರೆಯಲ್ಲಿ ಮೊಟ್ಟೆ ಇಟ್ಟಿತು’ ಎಂಬ ಸಾಲನ್ನು ಒಬ್ಬ ಹುಡುಗಿ ಓದುತ್ತಿದ್ದಾಳೆ ಅಂದುಕೊಳ್ಳಿ. ಬೆರಳು ಒಂದೊಂದೇ ಅಕ್ಷರದ ಮೇಲೆ ಸರಿಯುತ್ತಿದೆ. ಮ... ರ... ದ... ಪೊ... ‘ಮೊಟ್ಟೆ’ಯ ಒತ್ತಕ್ಷರದ ಹತ್ತಿರ ಬೆರಳು ನಿಂತೇಬಿಡುತ್ತದೆ. ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಮೊಟ್ಟೆ ಇಟ್ಟಿದ್ದು ಯಾರು ಅನ್ನುವುದೇ ಮರೆತಿರುತ್ತದೆ. ಅವಳು ದಡ್ಡಿಯಲ್ಲ. ಇದೇ ಸಾಲನ್ನು ಬೇರೆಯವರು ಓದಿ ಹೇಳಿದರೆ ತಕ್ಷಣ ಅರ್ಥವಾಗುತ್ತದೆ. ಪಕ್ಕದ ಹುಡುಗ ಸರಾಗವಾಗಿ ಓದುತ್ತಾನೆ, ಆದರೆ ಪೊಟರೆ ಅಂದರೇನು ಅಂತ ಅವನಿಗೆ ಗೊತ್ತಿಲ್ಲ. ಪರೀಕ್ಷೆಯಲ್ಲಿ ಇಬ್ಬರಿಗೂ ಒಂದೇ ಅಂಕ ಬರಬಹುದು. ಅವಳಿಗೆ ಬೇಕಾದದ್ದು ಅಕ್ಷರಗಳ ಅಭ್ಯಾಸ, ಅವನಿಗೆ ಬೇಕಾದದ್ದು ಪದಗಳು ಮತ್ತು ತಿಳಿವಳಿಕೆ.

ತಿಳಿವಳಿಕೆ ಎಷ್ಟು ದೊಡ್ಡದು ಅನ್ನುವುದನ್ನು 1988ರ ಒಂದು ಪ್ರಯೋಗ ತೋರಿಸಿತು. ರೆಕ್ಟ್ ಮತ್ತು ಲೆಸ್ಲಿ ಮಕ್ಕಳಿಗೆ ಬೇಸ್‌ಬಾಲ್ ಆಟದ ಬಗ್ಗೆ ಒಂದು ಪಾಠ ಓದಿಸಿದರು. ಓದಿನಲ್ಲಿ ಹಿಂದಿದ್ದರೂ ಆಟ ಚೆನ್ನಾಗಿ ಗೊತ್ತಿದ್ದ ಮಕ್ಕಳು, ಚೆನ್ನಾಗಿ ಓದುವ ಆದರೆ ಆಟ ಗೊತ್ತಿಲ್ಲದ ಮಕ್ಕಳಿಗಿಂತ ಜಾಸ್ತಿ ನೆನಪಿಟ್ಟುಕೊಂಡರು. ಓದಿನ ಅವಧಿ ಹೆಚ್ಚಿಸಲು ವಿಜ್ಞಾನ, ಇತಿಹಾಸದ ಅವಧಿ ಕತ್ತರಿಸುವುದು ಯಾಕೆ ತಪ್ಪು ಅಂತ ಇದರಿಂದಲೇ ಗೊತ್ತಾಗುತ್ತದೆ.

ಅಮೆರಿಕದ ಮಿಸಿಸಿಪ್ಪಿ ರಾಜ್ಯ 2013ರಲ್ಲಿ ಓದಿಗಾಗಿಯೇ ಕಾನೂನು ಮಾಡಿತು. ಶಿಕ್ಷಕರಿಗೆ ಅಕ್ಷರ-ಧ್ವನಿ ಪಾಠದ ತರಬೇತಿ ಕೊಟ್ಟರು, ಹಿಂದುಳಿದ ಶಾಲೆಗಳಿಗೆ ಮಾರ್ಗದರ್ಶಕರನ್ನು ಕಳಿಸಿದರು. ಬಡ ರಾಜ್ಯವಾದರೂ 2019ರ ಹೊತ್ತಿಗೆ ನಾಲ್ಕನೇ ತರಗತಿಯ ಓದಿನಲ್ಲಿ ದೇಶದ ಸರಾಸರಿಗೆ ಬಂದು ನಿಂತಿತು. ಓದಲು ಬಾರದ ಮಕ್ಕಳನ್ನು ಮೂರನೇ ತರಗತಿಯಲ್ಲೇ ಉಳಿಸಿಕೊಳ್ಳುವ ನಿಯಮವೂ ಅದರಲ್ಲಿತ್ತು. ಆ ನಿಯಮದ ಬಗ್ಗೆ ತಕರಾರು ಇವೆ. ನನಗೂ ಅದು ಕಷ್ಟವೆನಿಸುತ್ತದೆ. ಆದರೆ ಶಿಕ್ಷಕರ ತರಬೇತಿಯನ್ನು ಬಿಟ್ಟು ಸುಮ್ನೆ ಮಕ್ಕಳನ್ನು ಫೇಲ್ ಮಾಡಿದ್ದರೆ ಏನೂ ಆಗುತ್ತಿರಲಿಲ್ಲ.

ಇನ್ನು ಕಸುಬು. ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ ಜರ್ಮನಿ. ಅಲ್ಲಿ ವಿದ್ಯಾರ್ಥಿ ಒಂದು ಕಂಪನಿಯ ಜೊತೆ ಒಪ್ಪಂದ ಮಾಡಿಕೊಳ್ಳುತ್ತಾನೆ. ವಾರದಲ್ಲಿ ಮೂರು-ನಾಲ್ಕು ದಿನ ಕೆಲಸ, ಒಂದೆರಡು ದಿನ ಶಾಲೆ, ಕೈಗೆ ಸಂಬಳ. ಎರಡರಿಂದ ಮೂರೂವರೆ ವರ್ಷ ಹೀಗೆ ನಡೆಯುತ್ತದೆ. 300ಕ್ಕೂ ಹೆಚ್ಚು ಕಸುಬುಗಳಿಗೆ ಈ ವ್ಯವಸ್ಥೆ ಇದೆ. ಕಲಿಯುವವನು ವೈರಿಂಗ್ ನಕ್ಷೆ, ಅಳತೆಯ ಪಟ್ಟಿ, ಸುರಕ್ಷತೆಯ ಸೂಚನೆ ಎಲ್ಲವನ್ನೂ ಓದಲೇಬೇಕು. ಓದು ಬಾರದವರನ್ನು ಕಸುಬಿಗೆ ಕಳಿಸೋಣ ಅನ್ನುವ ಮಾತು ಇಲ್ಲೇ ಬಿದ್ದುಹೋಗುತ್ತದೆ. ಜರ್ಮನಿಯ ಹೆಚ್ಚಿನ ರಾಜ್ಯಗಳಲ್ಲಿ ಸುಮಾರು 10ನೇ ವಯಸ್ಸಿಗೇ ಮಕ್ಕಳನ್ನು ಬೇರೆ ಬೇರೆ ಶಾಲೆಗಳಿಗೆ ಹಂಚುತ್ತಾರೆ. ಅದನ್ನು ಮಾತ್ರ ನಕಲು ಮಾಡಬಾರದು.

ಕೊನೆಯದು ಆಯ್ಕೆ. ಸರ್ಕಾರದ ಹಣ ಮಗುವಿನ ಜೊತೆ ಪೋಷಕರು ಆರಿಸಿದ ಶಾಲೆಗೆ ಹೋಗಲಿ ಎಂದು 1955ರಲ್ಲಿ ವಾದಿಸಿದವರು ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್. 1981ರಲ್ಲಿ ಚಿಲಿ ಅದನ್ನು ಇಡೀ ದೇಶಕ್ಕೆ ತಂದಿತು. ಆದರೆ ಅಲ್ಲಿ ಅನೇಕ ಶಾಲೆಗಳೇ ಮಕ್ಕಳನ್ನು ಆರಿಸತೊಡಗಿದವು. ಸುಲಭವಾಗಿ ಕಲಿಯುವವರು ಒಂದು ಕಡೆ, ಬಡ ಮಕ್ಕಳು ಇನ್ನೊಂದು ಕಡೆ ಆದರು. 2008ರಲ್ಲಿ ಬಡ ಮಕ್ಕಳಿಗೆ ಹೆಚ್ಚುವರಿ ಹಣ ಕೊಡಲು ಶುರುಮಾಡಿದರು. 2015ರ ಕಾನೂನು ಸರ್ಕಾರದ ಹಣ ಪಡೆಯುವ ಶಾಲೆಗಳು ಮಕ್ಕಳನ್ನು ಆರಿಸುವುದಕ್ಕೆ ಕಡಿವಾಣ ಹಾಕಿತು.

ಆಯ್ಕೆಯ ಬಗ್ಗೆ ಯಾವುದೇ ಅಧ್ಯಯನ ಓದುವಾಗ, ಯಾರನ್ನು ಯಾರ ಜೊತೆ ಹೋಲಿಸಿದ್ದಾರೆ ಅಂತ ಮೊದಲು ನೋಡಿ. ಅಮೆರಿಕದ ಚಾರ್ಟರ್ ಶಾಲೆಗಳಲ್ಲಿ (ಸರ್ಕಾರದ ಹಣದಲ್ಲಿ, ಆದರೆ ಸ್ವತಂತ್ರವಾಗಿ ನಡೆಯುವ ಶಾಲೆಗಳು) ಸೀಟಿಗಿಂತ ಅರ್ಜಿ ಜಾಸ್ತಿಯಾದರೆ ಲಾಟರಿ ಎತ್ತುತ್ತಾರೆ. ಸೀಟು ಸಿಕ್ಕವರನ್ನು, ಅರ್ಜಿ ಹಾಕಿಯೂ ಸಿಗದವರ ಜೊತೆ ಹೋಲಿಸಿದರೆ ಎರಡೂ ಕಡೆ ಅಷ್ಟೇ ಆಸಕ್ತಿಯ ಪೋಷಕರಿರುತ್ತಾರೆ. ಆಗ ಕಾಣುವ ವ್ಯತ್ಯಾಸ ಶಾಲೆಯದ್ದು.