ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್: ಕಂಪನಿಯದ್ದೇ ಬೇಕೆ, ಹೊರಗಿನದ್ದೂ ಆದೀತೆ?

ಆಟೋಮ್ಯಾಟಿಕ್ ಕಾರಿನ ಗೇರ್‌ಬಾಕ್ಸ್ ಆಯಿಲ್ ಬದಲಾಯಿಸುವ ಹೊತ್ತು ಬಂದಾಗ ಮಾಲೀಕರ ಮುಂದೆ ಎರಡು ಡಬ್ಬಿಗಳಿರುತ್ತವೆ. ಒಂದರ ಮೇಲೆ ಕಾರು ತಯಾರಿಸಿದ ಕಂಪನಿಯ ಹೆಸರಿರುತ್ತದೆ. ಇನ್ನೊಂದರ ಮೇಲೆ ಯಾವುದೋ ಆಯಿಲ್ ಕಂಪನಿಯ ಹೆಸರೂ, ಹಿಂಬದಿಯಲ್ಲಿ ಅದನ್ನು ಹಾಕಬಹುದಾದ ಹತ್ತಾರು ಗಾಡಿಗಳ ಪಟ್ಟಿಯೂ ಇರುತ್ತವೆ. ಎರಡನೆಯದರ ಬೆಲೆ ಸಾಮಾನ್ಯವಾಗಿ ಕಡಿಮೆ. ಈ ಆಯ್ಕೆಯನ್ನು ಹೆಚ್ಚಿನವರು ನಂಬಿಕೆ ಮತ್ತು ಉಳಿತಾಯದ ನಡುವಿನ ಆಯ್ಕೆಯೆಂದು ಭಾವಿಸುತ್ತಾರೆ. ಆದರೆ ಡಬ್ಬಿಯ ಮೇಲಿನ ಹೆಸರಿಗಿಂತ ಅದರ ಮೇಲಿನ ಸಣ್ಣ ಅಕ್ಷರಗಳು ಮುಖ್ಯ. ಅವುಗಳನ್ನು ಓದಲು ಬರಬೇಕಾದರೆ ಈ ದ್ರವ ಸುಮಾರು ಎಂಬತ್ತೈದು ವರ್ಷಗಳಲ್ಲಿ ಹೇಗೆ ಬದಲಾಗುತ್ತ ಬಂದಿತೆಂಬುದು ಗೊತ್ತಿರಬೇಕು.

ಎಂಜಿನ್ ಆಯಿಲಿನ ಮುಖ್ಯ ಕೆಲಸ ಲೋಹದ ಭಾಗಗಳು ಒಂದಕ್ಕೊಂದು ಉಜ್ಜದಂತೆ ನೋಡಿಕೊಳ್ಳುವುದು. ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ದ್ರವಕ್ಕೆ ಆ ಕೆಲಸದ ಜೊತೆಗೆ ಅದಕ್ಕೆ ತದ್ವಿರುದ್ಧವಾದ ಇನ್ನೊಂದು ಕೆಲಸವೂ ಇದೆ. ಟಾರ್ಕ್ ಕನ್ವರ್ಟರಿನಲ್ಲಿ ಎಂಜಿನ್ನಿನ ಶಕ್ತಿಯನ್ನು ಗೇರಿಗೆ ದಾಟಿಸುವುದು, ವಾಲ್ವುಗಳ ಮೂಲಕ ಒತ್ತಡವನ್ನು ಸಾಗಿಸುವುದು, ಶಾಖವನ್ನು ಹೊರಗೆ ಒಯ್ಯುವುದು, ಬೇರಿಂಗುಗಳು ಸವೆಯದಂತೆ ಕಾಯುವುದು ಇವೆಲ್ಲವುಗಳ ನಡುವೆಯೇ, ದ್ರವದಲ್ಲಿ ಮುಳುಗಿರುವ ಕ್ಲಚ್ ತಟ್ಟೆಗಳು ಬೇಕಾದ ಕ್ಷಣದಲ್ಲಿ, ಬೇಕಾದಷ್ಟೇ ಬಿಗಿಯಾಗಿ ಒಂದನ್ನೊಂದು ಹಿಡಿಯುವಂತೆಯೂ ಅದು ನೋಡಿಕೊಳ್ಳಬೇಕು. ಹಿಡಿತ ಕಡಿಮೆಯಾದರೆ ಕ್ಲಚ್ ಜಾರಿ ಸುಡುತ್ತದೆ, ಹೆಚ್ಚಾದರೆ ಗೇರ್ ಬಿದ್ದಾಗಲೆಲ್ಲ ಗಾಡಿ ಜಗ್ಗುತ್ತದೆ. ಈ ಹಿಡಿತವನ್ನು ನಿರ್ಧರಿಸುವುದು ಮೂಲ ಎಣ್ಣೆಗೆ ಬೆರೆಸಿದ ಅತ್ಯಲ್ಪ ಪ್ರಮಾಣದ ರಾಸಾಯನಿಕಗಳು. ಆದ್ದರಿಂದ ಈ ದ್ರವವನ್ನು ಗೇರ್‌ಬಾಕ್ಸಿನ ಒಂದು ಬಿಡಿಭಾಗವೆಂದೇ ಪರಿಗಣಿಸಬೇಕೆಂದು ನಾನು ನಂಬುತ್ತೇನೆ. ಮುಂದಿನ ಇತಿಹಾಸವೆಲ್ಲ ಈ ಹಿಡಿತದ ಸುತ್ತಲೇ ನಡೆದಿದೆ.

ಜನರಲ್ ಮೋಟಾರ್ಸ್ 1939ರ ಕೊನೆಯಲ್ಲಿ, 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರುಗಳಿಗಾಗಿ ಹೈಡ್ರಾ-ಮ್ಯಾಟಿಕ್ ಎಂಬ ನಾಲ್ಕು ಗೇರುಗಳ ಪೆಟ್ಟಿಗೆಯನ್ನು ಹೊರತಂದಿತು. ಯುದ್ಧಕಾಲದಲ್ಲಿ ಅದು ಅಮೆರಿಕದ ಹಗುರ ಟ್ಯಾಂಕುಗಳಲ್ಲೂ ಓಡಿತು. ಯುದ್ಧ ಮುಗಿದ ಮೇಲೆ ಲಿಂಕನ್, ನ್ಯಾಶ್, ಹಡ್ಸನ್‌ನಂಥ ಬೇರೆ ಕಂಪನಿಗಳೂ ಅದನ್ನು ಕೊಂಡು ತಮ್ಮ ಕಾರುಗಳಿಗೆ ಅಳವಡಿಸಿದವು. ಇಷ್ಟೊಂದು ಗಾಡಿಗಳಿಗೆ ಊರೂರಿನ ಪೆಟ್ರೋಲ್ ಬಂಕಿನಲ್ಲಿ ಸರಿಯಾದ ದ್ರವ ಸಿಗಬೇಕಾಗಿದ್ದರಿಂದ ಜನರಲ್ ಮೋಟಾರ್ಸ್ 1949ರಲ್ಲಿ ಟೈಪ್ ಎ ಎಂಬ ಮಾನದಂಡವನ್ನು ಪ್ರಕಟಿಸಿತು. ಯಾವ ಆಯಿಲ್ ಕಂಪನಿಯಾದರೂ ತನ್ನ ದ್ರವವನ್ನು ಶಿಕಾಗೊದ ಆರ್ಮರ್ ಸಂಶೋಧನಾ ಪ್ರತಿಷ್ಠಾನದಲ್ಲಿ ಪರೀಕ್ಷೆಗೆ ಒಡ್ಡಿ, ಅರ್ಹತಾ ಸಂಖ್ಯೆ ಪಡೆದು, ಅದನ್ನು ಡಬ್ಬಿಯ ಮೇಲೆ ಅಚ್ಚು ಹಾಕಿಸಿ ಮಾರಬಹುದಾಗಿತ್ತು. ಹೊರಗಿನ ಆಯಿಲ್ ಮತ್ತು ಕಂಪನಿ ಆಯಿಲ್ ಎಂಬ ಭೇದಕ್ಕೆ ಆಗ ಅರ್ಥವೇ ಇರಲಿಲ್ಲ. ಪರೀಕ್ಷೆ ಪಾಸಾದದ್ದು ಯಾರದ್ದಾದರೂ ನಡೆಯುತ್ತಿತ್ತು.

ಈ ಒಮ್ಮತ ಬಹಳ ಕಾಲ ಉಳಿಯಲಿಲ್ಲ. 1967ರಲ್ಲಿ ಜನರಲ್ ಮೋಟಾರ್ಸ್ ಡೆಕ್ಸ್‌ರಾನ್ ಎಂಬ ಹೊಸ ಹೆಸರಿನ ದ್ರವವನ್ನು ತಂದಿತು. ಫೋರ್ಡ್ ಕಂಪನಿ ಅದೇ ಸುಮಾರಿಗೆ ಟೈಪ್ ಎಫ್ ಎಂಬ ಬೇರೆಯೇ ದ್ರವವನ್ನು ನೆಚ್ಚಿಕೊಂಡಿತು. ಡೆಕ್ಸ್‌ರಾನ್‌ನಲ್ಲಿ ಹಿಡಿತವನ್ನು ಮೃದುಗೊಳಿಸುವ ರಾಸಾಯನಿಕಗಳಿದ್ದವು, ಟೈಪ್ ಎಫ್‌ನಲ್ಲಿ ಅವನ್ನು ಬೇಕೆಂದೇ ಬಿಟ್ಟಿದ್ದರು. ಫೋರ್ಡಿನ ಎಂಜಿನಿಯರುಗಳಿಗೆ ಕ್ಲಚ್ ಗಟ್ಟಿಯಾಗಿ, ಥಟ್ಟನೆ ಕೂಡಿಕೊಳ್ಳುವುದು ಬೇಕಿತ್ತು; ಜನರಲ್ ಮೋಟಾರ್ಸ್‌ನವರಿಗೆ ಗೇರ್ ಬಿದ್ದದ್ದೇ ಪ್ರಯಾಣಿಕನಿಗೆ ತಿಳಿಯಬಾರದಿತ್ತು. ಒಂದರ ದ್ರವವನ್ನು ಇನ್ನೊಂದಕ್ಕೆ ಸುರಿದರೆ ಒಂದೋ ಕ್ಲಚ್ ಜಾರುತ್ತಿತ್ತು, ಇಲ್ಲವೇ ಗಾಡಿ ಜಗ್ಗುತ್ತಿತ್ತು. ಎರಡಕ್ಕೂ ಒಂದೇ ಕೆಂಪು ಬಣ್ಣ. ಸೋರಿಕೆ ಗುರುತಿಸಲು ಬೆರೆಸುವ ಆ ಬಣ್ಣವನ್ನು ನೋಡಿ ಆಯಿಲ್ ಸರಿಯಾದದ್ದೆಂದು ತೀರ್ಮಾನಿಸುವ ಅಭ್ಯಾಸ ಇಂದಿಗೂ ಹೋಗಿಲ್ಲ.

ಹಿಡಿತವನ್ನು ಮೃದುಗೊಳಿಸುತ್ತಿದ್ದ ಆ ರಾಸಾಯನಿಕದ ಮೂಲ ಅಂದು ಸ್ಪರ್ಮ್ ತಿಮಿಂಗಿಲದ ಎಣ್ಣೆಯಾಗಿತ್ತು. 1970ರಲ್ಲಿ ಅಮೆರಿಕ ಸರ್ಕಾರ ಆ ತಿಮಿಂಗಿಲವನ್ನು ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿಸಿದ ಬಳಿಕ ಆ ಎಣ್ಣೆಯ ದಾರಿ ಮುಚ್ಚಿತು, ರಸಾಯನ ತಜ್ಞರು ಬದಲಿ ಹುಡುಕಬೇಕಾಯಿತು. ಆ ದಶಕದ ಆರಂಭದಲ್ಲಿ ಬಂದ ಡೆಕ್ಸ್‌ರಾನ್-2ರ ಮೊದಲ ರೂಪ ಆಯಿಲ್ ಕೂಲರಿನ ಬೆಸುಗೆಯನ್ನು ತಿನ್ನತೊಡಗಿದ್ದರಿಂದ ಅದನ್ನೂ ತಿದ್ದಬೇಕಾಯಿತು. ಪದಾರ್ಥವೊಂದನ್ನು ಬದಲಿಸಿದರೆ ಪರಿಣಾಮ ಎಲ್ಲಿ ಕಾಣಿಸಿಕೊಳ್ಳುತ್ತದೆಂಬುದನ್ನು ಮೊದಲೇ ಊಹಿಸುವುದು ಎಷ್ಟು ಕಷ್ಟವೆಂದು ಈ ಪ್ರಸಂಗ ತೋರಿಸುತ್ತದೆ. ಅಂಗಡಿಯಲ್ಲಿ ಡೆಕ್ಸ್‌ರಾನ್ ಬಾಟಲಿಗೆ ಇನ್ನೊಂದು ಸಂಯೋಜಕ ರಾಸಾಯನಿಕವನ್ನು ಬೆರೆಸಿ ಬೇರೆ ಗೇರ್‌ಬಾಕ್ಸಿಗೆ ಹೊಂದಿಸಿಕೊಡುತ್ತೇವೆನ್ನುವವರನ್ನು ನಂಬಬಾರದೆಂದು ನಾನು ಹೇಳುವುದೂ ಇದೇ ಕಾರಣಕ್ಕೆ.

ತಪ್ಪು ದ್ರವ ಒಂದು ಕಂಪನಿಯ ಹೆಸರಿಗೇ ಮಸಿ ಬಳಿದ ಉದಾಹರಣೆಯೆಂದರೆ ಕ್ರೈಸ್ಲರ್‌ನದ್ದು. 1989ರ ಮಾದರಿಗಳಲ್ಲಿ ಅದು ಅಲ್ಟ್ರಾಡ್ರೈವ್ ಎಂಬ, ಕಂಪ್ಯೂಟರ್ ನಿಯಂತ್ರಿತ ನಾಲ್ಕು ಗೇರುಗಳ ಪೆಟ್ಟಿಗೆಯನ್ನು ತಂದಿತು. ಅದನ್ನು ಹೊಂದಿಸಿದ್ದು ಕ್ರೈಸ್ಲರ್‌ನ ಸ್ವಂತ ದ್ರವಕ್ಕೆ, ಆದರೆ ಅದು ಸಿಗದಿದ್ದಲ್ಲಿ ಡೆಕ್ಸ್‌ರಾನ್ ಹಾಕಬಹುದೆಂದು ಕಂಪನಿಯೇ ಮಾಲೀಕರಿಗೆ ತಿಳಿಸಿತ್ತು. ಗ್ಯಾರೇಜುಗಳಲ್ಲಿ ಕೈಗೆ ಸಿಗುತ್ತಿದ್ದದ್ದೂ ಡೆಕ್ಸ್‌ರಾನ್ ತಾನೆ. ಪೆಟ್ಟಿಗೆಯ ವಿನ್ಯಾಸದಲ್ಲೇ ಇದ್ದ ದೋಷಗಳ ಮೇಲೆ ಇದೂ ಸೇರಿ ಅನೇಕ ಗೇರ್‌ಬಾಕ್ಸುಗಳು ಹಾಳಾದವು. ಆಮೇಲೆ ಕ್ರೈಸ್ಲರ್ ತನ್ನ ದ್ರವವನ್ನು ಬಿಟ್ಟು ಬೇರೆಯದನ್ನು ಹಾಕಕೂಡದೆಂದು ಖಡಾಖಂಡಿತವಾಗಿ ಹೇಳತೊಡಗಿತು, 1990ರ ದಶಕದ ಕೊನೆಗೆ ಎಟಿಎಫ್+4 ಎಂಬ ಸುಧಾರಿತ ದ್ರವವನ್ನು ತಂದಿತು. ಮುಂದೆ ಇತರ ಆಯಿಲ್ ಕಂಪನಿಗಳಿಗೂ ಪರೀಕ್ಷೆಯ ಮೇಲೆ ಅದರ ಪರವಾನಗಿ ಕೊಡಲಾಯಿತು. ಹೀಗೆ ಪರವಾನಗಿ ಪಡೆದ ಹೊರಗಿನ ಎಟಿಎಫ್+4ಕ್ಕೂ ಕಂಪನಿಯ ಎಟಿಎಫ್+4ಕ್ಕೂ ಭೇದ ಎಣಿಸಲು ನನಗೆ ಕಾರಣ ಕಾಣುವುದಿಲ್ಲ.

1990ರ ದಶಕದಲ್ಲಿ ಪೆಟ್ರೋಲ್ ಉಳಿಸಲೆಂದು ಟಾರ್ಕ್ ಕನ್ವರ್ಟರಿನೊಳಗಿನ, ಎಂಜಿನ್ನನ್ನು ಗೇರಿಗೆ ನೇರವಾಗಿ ಬೆಸೆಯುವ ಲಾಕಪ್ ಕ್ಲಚ್ಚನ್ನು ಪೂರ್ತಿ ಬಿಗಿಯದೆ, ಸ್ವಲ್ಪ ಸ್ವಲ್ಪವೇ ಜಾರಲು ಬಿಟ್ಟು ಓಡಿಸುವ ವಿಧಾನ ಹರಡಿತು. ದ್ರವ ಹಳತಾಗಿ ಹಿಡಿತದ ಗುಣ ಕೆಟ್ಟಾಗ ಆ ಕ್ಲಚ್ ಹಿಡಿದು ಬಿಟ್ಟು ಮಾಡುತ್ತ ಗಾಡಿಯನ್ನೇ ನಡುಗಿಸುತ್ತಿತ್ತು. ಡೆಕ್ಸ್‌ರಾನ್-3ರ 1997ರ ಪರಿಷ್ಕರಣೆ ಮತ್ತು ಫೋರ್ಡಿನ ಮರ್ಕಾನ್-5 ಬಂದದ್ದರ ಹಿಂದೆ ಈ ನಡುಕವನ್ನು ನಿಲ್ಲಿಸುವ ಉದ್ದೇಶವಿತ್ತು. ಆನಂತರ ಬದಲಾದದ್ದು ದ್ರವದ ಸ್ನಿಗ್ಧತೆ, ಅಂದರೆ ಅದರ ದಪ್ಪ. ಹಳೆಯ ಡೆಕ್ಸ್‌ರಾನ್-3 ನೂರು ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 7.5 ಸೆಂಟಿಸ್ಟೋಕ್ (ಸ್ನಿಗ್ಧತೆಯ ಅಳತೆ) ಇರುತ್ತಿತ್ತು, 2006ರ ಮಾದರಿಗಳಿಗಾಗಿ ಬಂದ ಡೆಕ್ಸ್‌ರಾನ್-6 ಸುಮಾರು 6ಕ್ಕೆ ಇಳಿಯಿತು, ಈಗಿನ ಹತ್ತು ಗೇರುಗಳ ಪೆಟ್ಟಿಗೆಗಳ ದ್ರವ ಇನ್ನೂ ತೆಳು. ತೆಳು ದ್ರವ ಇಂಧನ ಉಳಿಸುತ್ತದೆ, ಆದರೆ ದಪ್ಪ ದ್ರವಕ್ಕೆಂದು ರೂಪಿಸಿದ ಹಳೆಯ ಪೆಟ್ಟಿಗೆಯಲ್ಲಿ ಅದು ಬೇಕಾದ ಒತ್ತಡ ಕೊಡುವುದೇ ಎಂಬುದನ್ನು ಆ ಪೆಟ್ಟಿಗೆ ಮಾಡಿದವರೇ ಹೇಳಬೇಕು. ಒಂದೇ ಬಾಟಲಿ ಎಲ್ಲ ಗಾಡಿಗಳಿಗೂ ಸರಿಹೊಂದುತ್ತದೆಂದು ಸಾರುವ ಬಹುವಾಹನ ದ್ರವಗಳ ದೌರ್ಬಲ್ಯ ಇಲ್ಲಿದೆ. ಅವುಗಳಲ್ಲಿ ಚೆನ್ನಾದವೂ ಇವೆ, ಆದರೆ ಅವು ಎರಡು ಬೇಡಿಕೆಗಳ ನಡುವೆ ಎಲ್ಲೋ ನಿಲ್ಲಲೇಬೇಕು.

ಜಪಾನ್ ಮತ್ತು ಕೊರಿಯಾದ ಕಂಪನಿಗಳು ಅಮೆರಿಕದವರ ಹಾಗೆ ಪರವಾನಗಿಯ ಬಾಗಿಲನ್ನು ತೆರೆಯಲಿಲ್ಲ. ಟೊಯೊಟಾದ ಟಿ-4 ಮತ್ತು ಅದರ ನಂತರದ ಡಬ್ಲ್ಯುಎಸ್, ಹೋಂಡಾದ ಝಡ್-1 ಮತ್ತು ಡಿಡಬ್ಲ್ಯು-1, ಹ್ಯುಂಡೈ ಬಳಸುವ ಎಸ್‌ಪಿ-3 ಹಾಗೂ ಎಸ್‌ಪಿ-4, ನಿಸಾನಿನ ಮ್ಯಾಟಿಕ್ ಸರಣಿ, ಇವೆಲ್ಲ ಆಯಾ ಕಂಪನಿಯ ಹೆಸರಿನಲ್ಲೇ ಮಾರಾಟವಾಗುವ ದ್ರವಗಳು. ಭಾರತದ ರಸ್ತೆಗಳಲ್ಲಿರುವ ಟಾರ್ಕ್ ಕನ್ವರ್ಟರ್ ಗಾಡಿಗಳಲ್ಲಿ ಬಹುಪಾಲು ಈ ಗುಂಪಿಗೇ ಸೇರುವುದರಿಂದ ನಮ್ಮ ಓದುಗರಿಗೆ ಈ ಅಂಶ ಎಲ್ಲಕ್ಕಿಂತ ಮುಖ್ಯ. ಹೊರಗಿನ ಬಾಟಲಿಯ ಮೇಲೆ ಇಂಥ ಹೆಸರುಗಳಿದ್ದರೆ ಅದು ಆಯಿಲ್ ಕಂಪನಿ ತಾನೇ ನಡೆಸಿದ, ಅಥವಾ ಸಂಯೋಜಕ ಪೂರೈಸಿದ ಕಂಪನಿ ನಡೆಸಿದ ಪರೀಕ್ಷೆಗಳ ಆಧಾರದ ಮೇಲೆ ಕೊಡುವ ಭರವಸೆ. ‘ಪರವಾನಗಿ ಪಡೆದಿದೆ’ ಅಥವಾ ‘ಅನುಮೋದಿತ’ ಎಂಬುದಕ್ಕೂ ‘ಬಳಸಲು ಯೋಗ್ಯ’ ಎಂಬುದಕ್ಕೂ ಬಹಳ ಅಂತರವಿದೆ. ಮೊದಲನೆಯದರಲ್ಲಿ ಮೂರನೆಯವರೊಬ್ಬರು ನೋಡಿ ಒಪ್ಪಿರುತ್ತಾರೆ. ಎರಡನೆಯದರಲ್ಲಿ ಮಾರುವವರ ಮಾತಷ್ಟೇ ಇರುತ್ತದೆ. ಆ ಮಾತು ಸುಳ್ಳೆಂದು ನಾನು ಹೇಳುತ್ತಿಲ್ಲ, ಅದರ ಬೆಲೆ ಹೇಳಿದವರ ಹೆಸರಿನ ಮೇಲೆ ನಿಂತಿದೆ.

ಪರವಾನಗಿಯಲ್ಲೂ ಒಂದು ಸೂಕ್ಷ್ಮವಿದೆ. ಜನರಲ್ ಮೋಟಾರ್ಸ್ ಡೆಕ್ಸ್‌ರಾನ್-3ರ ಪರವಾನಗಿಗಳನ್ನು 2006ರ ಕೊನೆಯ ಬಳಿಕ ನವೀಕರಿಸಲಿಲ್ಲ. ಇಂದಿಗೂ ಅಂಗಡಿಗಳಲ್ಲಿ ‘ಡೆಕ್ಸ್‌ರಾನ್ 3’ ಎಂದು ಬರೆದ ಡಬ್ಬಿಗಳು ಹೇರಳವಾಗಿ ಸಿಗುತ್ತವೆ, ಆದರೆ ಅವುಗಳ ಹಿಂದೆ ಈಗ ಜನರಲ್ ಮೋಟಾರ್ಸ್‌ನ ಯಾವ ಪರೀಕ್ಷೆಯೂ ಇಲ್ಲ. ಹಳೆಯ ಪವರ್ ಸ್ಟೀರಿಂಗಿಗೆ ಅದು ನಡೆದೀತು. ಗೇರ್‌ಬಾಕ್ಸಿಗೆ ಕೊಳ್ಳುವವರು ಈಗಿನ ಡೆಕ್ಸ್‌ರಾನ್-6ರ ಪರವಾನಗಿ ಸಂಖ್ಯೆ ಡಬ್ಬಿಯ ಮೇಲಿದೆಯೇ ಎಂದು ನೋಡಬೇಕು.

ಕಾರು ಕಂಪನಿಗಳು ತಾವೇ ಆಯಿಲ್ ತಯಾರಿಸುವುದಿಲ್ಲವೆಂಬ ಮಾತು ನಿಜ. ಅವರ ಹೆಸರಿನ ದ್ರವವನ್ನು ಆಯಿಲ್ ಕಂಪನಿಗಳೇ ಗುತ್ತಿಗೆಯ ಮೇಲೆ ತಯಾರಿಸಿ ಕೊಡುತ್ತವೆ, ಬೆರೆಸುವ ರಾಸಾಯನಿಕಗಳು ಲುಬ್ರಿಝಾಲ್, ಆಫ್ಟನ್, ಇನ್ಫಿನಿಯಂನಂಥ ಬೆರಳೆಣಿಕೆಯ ಕಂಪನಿಗಳಿಂದ ಬರುತ್ತವೆ. ಇದನ್ನೇ ಹಿಡಿದು ‘ಒಳಗಿರುವುದೆಲ್ಲ ಒಂದೇ’ ಎಂದು ವಾದಿಸುವವರಿದ್ದಾರೆ. ಆದರೆ ಒಂದೇ ಕಾರ್ಖಾನೆಯಿಂದ ಎರಡು ಬೇರೆ ಸೂತ್ರದ ದ್ರವಗಳು ಹೊರಬರಬಹುದು. ನಾವು ಕಂಪನಿ ಡಬ್ಬಿಗೆ ಕೊಡುವ ಹೆಚ್ಚಿನ ಹಣ ಆ ನಿರ್ದಿಷ್ಟ ಸೂತ್ರಕ್ಕೆ ಸಲ್ಲುತ್ತದೆ.

ಸಿವಿಟಿ (ಗೇರಿನ ಮೆಟ್ಟಿಲುಗಳಿಲ್ಲದೆ ಬೆಲ್ಟು, ಪುಲ್ಲಿಗಳಿಂದ ಓಡುವ ಪೆಟ್ಟಿಗೆ) ಮತ್ತು ಡ್ಯುಯಲ್ ಕ್ಲಚ್ (ಎರಡು ಕ್ಲಚ್ಚುಗಳ ಪೆಟ್ಟಿಗೆ) ಗಾಡಿಗಳ ವಿಷಯದಲ್ಲಿ ನನ್ನ ನಿಲುವು ಕಠಿಣ. ಸಿವಿಟಿಯಲ್ಲಿ ಉಕ್ಕಿನ ಬೆಲ್ಟು ಉಕ್ಕಿನ ಪುಲ್ಲಿಯನ್ನು ಜಾರದಂತೆ ಹಿಡಿಯಬೇಕು. ಮಾಮೂಲಿ ಆಟೋಮ್ಯಾಟಿಕ್ ದ್ರವ ಅಲ್ಲಿಗೆ ಸಲ್ಲದು. ಎಣ್ಣೆಯಲ್ಲಿ ಮುಳುಗಿದ ಡ್ಯುಯಲ್ ಕ್ಲಚ್ಚಿಗೂ ತನ್ನದೇ ದ್ರವವಿದೆ. ಇಲ್ಲಿ ಉಳಿತಾಯದ ಆಸೆಗೆ ಬೀಳದೆ ಕಂಪನಿಯದ್ದನ್ನೇ ಹಾಕುವುದು ಲೇಸು. ಇದಕ್ಕೆ ಪೂರ್ತಿ ಬೇರೆಯಾದದ್ದು 2014ರಲ್ಲಿ ಮಾರುತಿ ಸೆಲೆರಿಯೊದೊಂದಿಗೆ ಇಲ್ಲಿ ಜನಪ್ರಿಯವಾದ, ಕ್ಲಚ್ಚನ್ನೂ ಗೇರನ್ನೂ ಯಂತ್ರವೇ ನಡೆಸುವ ಎಎಂಟಿ. ಅದು ಮ್ಯಾನ್ಯುಯಲ್ ಗೇರ್‌ಬಾಕ್ಸೇ ಆದ್ದರಿಂದ ಅದರ ಗೇರುಗಳಿಗೆ ಬೇಕಾದದ್ದು ಗೇರ್ ಆಯಿಲ್. ಕ್ಲಚ್ ಪೆಡಲ್ ಇಲ್ಲವೆಂಬ ಮಾತ್ರಕ್ಕೆ ಅದಕ್ಕೆ ಕೆಂಪು ದ್ರವ ಸುರಿಯಬಾರದು.

ಯಾವ ಡಬ್ಬಿಯೆಂಬ ಚರ್ಚೆಯಲ್ಲಿ, ಆಯಿಲ್ ಬದಲಾಯಿಸುವುದನ್ನೇ ಮರೆತುಬಿಡುವ ಅಪಾಯವೂ ಇದೆ. ಕೆಲವು ಕಾರು ಕಂಪನಿಗಳು ದ್ರವ ಗಾಡಿಯ ಜೀವಮಾನಕ್ಕೆ ಸಾಕೆನ್ನುತ್ತವೆ. ಆದರೆ ಅಂಥ ಹಲವು ಕಾರುಗಳಿಗೆ ಗೇರ್‌ಬಾಕ್ಸ್ ಪೂರೈಸುವ ಜರ್ಮನಿಯ ಝಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿಲೋಮೀಟರಿಗೊಮ್ಮೆ ದ್ರವ ಬದಲಾಯಿಸಲು ಸಲಹೆ ಮಾಡುತ್ತದೆ. ಮಾಡಿದವರ ಮಾತಿಗೇ ಇಲ್ಲಿ ಹೆಚ್ಚು ತೂಕ. ಅದೂ ಅಲ್ಲದೆ ಕೆಳಗಿನ ಬೋಲ್ಟ್ ಬಿಚ್ಚಿ ಇಳಿಸಿದಾಗ ದ್ರವದ ಒಂದು ಭಾಗ ಮಾತ್ರ ಹೊರಬರುತ್ತದೆ, ಉಳಿದದ್ದು ಟಾರ್ಕ್ ಕನ್ವರ್ಟರಿನಲ್ಲೇ ನಿಲ್ಲುತ್ತದೆ. ಆದ್ದರಿಂದ ಹೊಸ ದ್ರವ ಹಳೆಯದರೊಂದಿಗೆ ಬೆರೆತೇ ತೀರುತ್ತದೆ. ಹಳೆಯದಕ್ಕೆ ಹೊಂದದ್ದನ್ನು ಹಾಕಿದರೆ ಮತ್ತೊಮ್ಮೆ ಇಳಿಸಿದ ಮಾತ್ರಕ್ಕೆ ತಪ್ಪು ಪೂರ್ತಿ ಸರಿಹೋಗದು.

ವಾರಂಟಿಯ ಭಯ ಈ ಆಯ್ಕೆಯನ್ನು ಬಹಳ ಕಾಲ ಆಳಿದೆ. ಗ್ರಾಹಕ ಇಂಥದೇ ಬ್ರ್ಯಾಂಡಿನ ವಸ್ತು ಕೊಳ್ಳಬೇಕೆಂಬ ಷರತ್ತಿನ ಮೇಲೆ ವಾರಂಟಿ ಕೊಡುವುದನ್ನು ಅಮೆರಿಕ 1975ರ ಮ್ಯಾಗ್ನಸನ್-ಮಾಸ್ ಕಾನೂನಿನ ಮೂಲಕ ತಡೆಯಿತು. ನಮ್ಮಲ್ಲಿ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್ 25ರಂದು ಬಿಡಿಭಾಗಗಳ ಮಾರಾಟವನ್ನು ನಿರ್ಬಂಧಿಸಿದ್ದಕ್ಕಾಗಿ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚಿನ ದಂಡ ವಿಧಿಸಿತು. ಹೊರಗಿನ ಗ್ಯಾರೇಜಿಗೆ ಹೋದ ಒಂದೇ ಕಾರಣಕ್ಕೆ ಇಡೀ ವಾರಂಟಿಯನ್ನು ರದ್ದು ಮಾಡುವ ಷರತ್ತು ಹಾಕಬಾರದು, ಹೊರಗಿನ ಕೆಲಸದ ದೋಷದಿಂದ ಆದ ಹಾನಿಯ ಮಟ್ಟಿಗಷ್ಟೇ ವಾರಂಟಿ ನಿರಾಕರಿಸಬಹುದು ಎಂದೂ ಅದು ಹೇಳಿತು. ಕಂಪನಿಗಳು ಈ ಆದೇಶದ ವಿರುದ್ಧ ಮೇಲ್ಮನವಿಗೆ ಹೋದವು. ದೊಡ್ಡ ಕಂಪನಿಯೊಂದಿಗೆ ಇಂಥ ವಾದ ಹೂಡುವ ಸಮಯ, ಶಕ್ತಿ ಎಲ್ಲ ಮಾಲೀಕರಿಗೂ ಇರುವುದಿಲ್ಲ. ಹಾಗಾಗಿ ವಾರಂಟಿ ಇರುವಷ್ಟು ದಿನ ಕಂಪನಿ ದ್ರವವನ್ನೇ ಹಾಕಿಸುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ವಾರಂಟಿ ಮುಗಿದ ಮೇಲೆ ಹೊರಗಿನದ್ದನ್ನು ಆರಿಸುವವರು ಓನರ್ಸ್ ಮ್ಯಾನ್ಯುಯಲ್‌ನಲ್ಲಿರುವ ಮಾನದಂಡದ ಹೆಸರು ಅಕ್ಷರಶಃ ಡಬ್ಬಿಯ ಮೇಲೂ ಇದೆಯೇ ಎಂದು ನೋಡಿ, ದ್ರವದ ಪೂರ್ತಿ ಹೆಸರು, ಬ್ಯಾಚ್ ಸಂಖ್ಯೆ ಮತ್ತು ಗಾಡಿ ಓಡಿದ ಕಿಲೋಮೀಟರನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಬೇಕು.