ಹತ್ತು ಸಾಲಿನ ಕೆಲಸಕ್ಕೆ ಎಷ್ಟು ಲೈಬ್ರರಿ ಬೇಕು?

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಲ್ಯಾಬ್‌ನಲ್ಲಿ ಓಡುವುದು ಕೇರಳದ ಶಿಕ್ಷಣ ತಂತ್ರಜ್ಞಾನ ಸಂಸ್ಥೆ ಕೈಟ್‌ನ ಗ್ನೂ/ಲಿನಕ್ಸ್, ಉಬುಂಟು ಎಂಬ ಆಪರೇಟಿಂಗ್ ಸಿಸ್ಟಮ್‌ನ ಮೇಲೆ ಕಟ್ಟಿದ್ದು. ಅದರ 18.04 ಆವೃತ್ತಿಯ ಕಾಲದಲ್ಲಿ ಯಾರೋ ಮಾಡಿಕೊಟ್ಟ ಕ್ವಿಜ್ ಪ್ರೋಗ್ರಾಮನ್ನು ಪೆನ್‌ಡ್ರೈವ್‌ನಲ್ಲಿ ತಂದು 22.04 ಇರುವ ಮೆಶೀನಿಗೆ ಹಾಕಹೊರಟರೆ ಹೆಚ್ಚಾಗಿ ಒಂದೇ ಕಡೆ ಸಿಕ್ಕಿಬೀಳುತ್ತದೆ: ಲಿಬ್‌ಎಸ್‌ಎಸ್‌ಎಲ್1.1 ಎಂಬ ಲೈಬ್ರರಿ (ಬೇರೆ ಪ್ರೋಗ್ರಾಮುಗಳು ಕಡ ಪಡೆಯುವ ಸಿದ್ಧ ಕೋಡು, ಇದು ನೆಟ್‌ನ ಗೂಢಲಿಪಿಗೆ) ಬೇಕು, ಅದು ಸಿಗುತ್ತಿಲ್ಲ. ಅದು ಓಪನ್‌ಎಸ್‌ಎಸ್‌ಎಲ್ 1.1ರ ಭಾಗ, 22.04ರಲ್ಲಿ ಇರುವುದು ಓಪನ್‌ಎಸ್‌ಎಸ್‌ಎಲ್ 3. ಎರಡಕ್ಕೂ ಒಳಗಿನ ಕರೆಗಳು ಹೊಂದುವುದಿಲ್ಲ. ಪ್ಯಾಕೇಜಿನ ಹೆಸರಿನಲ್ಲೇ ಅಂಕೆ ಇರುವುದು ಇದೇ ಕಾರಣಕ್ಕೆ.

ಇದಕ್ಕೆ ಎಲ್ಲರೂ ಹೇಳುವ ಮದ್ದು, ಹಳೆಯ ಉಬುಂಟುವಿನ ಡೆಬ್ (ಪ್ಯಾಕೇಜ್) ಕಡತವನ್ನು ಇಳಿಸಿ ಡಿಪಿಕೆಜಿ ಎಂಬ ಆಜ್ಞೆಯಿಂದ ತುರುಕುವುದು. ಪ್ರೋಗ್ರಾಮ್ ಓಡುತ್ತದೆ, ನಿಜ. ಆದರೆ ಓಪನ್‌ಎಸ್‌ಎಸ್‌ಎಲ್ 1.1.1ಕ್ಕೆ ಸಾರ್ವಜನಿಕ ಬೆಂಬಲ 2023ರ ಸೆಪ್ಟೆಂಬರ್ 11ಕ್ಕೆ ಮುಗಿದಿದೆ. ಹೀಗೆ ತುರುಕಿದ ಕಡತ 22.04ರ ಯಾವ ರೆಪಾಸಿಟರಿಯಲ್ಲೂ (ಪ್ಯಾಕೇಜ್ ಭಂಡಾರ) ಇಲ್ಲದ ಕಾರಣ ಎಷ್ಟು ಸಲ ಅಪ್‌ಗ್ರೇಡ್ ಕೊಟ್ಟರೂ ಅದು ಇದ್ದಲ್ಲೇ ಇರುತ್ತದೆ. ಪ್ಯಾಕೇಜು ಹಾಕುವ ಆಪ್ಟ್ ಉಪಕರಣದ ಲಿಸ್ಟ್ ಆಜ್ಞೆಗೆ ಪ್ರಶ್ನೆಚಿಹ್ನೆ ಸೇರಿಸಿ ಆಬ್ಸೊಲೀಟ್ (obsolete) ಎಂದು ಕೊಟ್ಟರೆ ಇಂಥ ದಿಕ್ಕಿಲ್ಲದ ಪ್ಯಾಕೇಜುಗಳ ಪಟ್ಟಿ ಬರುತ್ತದೆ. ವರ್ಷಕ್ಕೊಮ್ಮೆಯಾದರೂ ಎಸ್‌ಐಟಿಸಿ (ಶಾಲೆಯ ಐಟಿ ಸಂಯೋಜಕ) ಟೀಚರುಗಳು ಅದನ್ನು ನೋಡಬೇಕು.

ತುರುಕುವ ಮುಂಚೆ ಕೇಳಬೇಕಾದ ಪ್ರಶ್ನೆ ಬೇರೆ ಇದೆ. ನೆಟ್ ಮುಟ್ಟದ ಕ್ವಿಜ್‌ಗೆ ಎಸ್‌ಎಸ್‌ಎಲ್ ಯಾಕೆ? ಆಬ್ಜ್‌ಡಂಪ್ ಎಂಬ ಆಜ್ಞೆಗೆ ಮೈನಸ್ ಪಿ ಕೊಟ್ಟು "ನೀಡೆಡ್" ಎಂಬ ಸಾಲುಗಳನ್ನು ಓದಿದರೆ ಪ್ರೋಗ್ರಾಮ್ ನೇರವಾಗಿ ಕೇಳುವ ಲೈಬ್ರರಿಗಳು ಕಾಣುತ್ತವೆ. ಎಲ್‌ಡಿಡಿ ಕೊಟ್ಟರೆ ಅವುಗಳ ಹಿಂದೆ ಬರುವ ಲೈಬ್ರರಿಗಳೂ ಸೇರಿ ಇಡೀ ಬಳಗ ಕಾಣುತ್ತದೆ. ಗುರುತಿಲ್ಲದ ಕಡತದ ಮೇಲೆ ಎಲ್‌ಡಿಡಿ ಓಡಿಸಬೇಡಿ, ಕೆಲವು ಸಂದರ್ಭಗಳಲ್ಲಿ ಅದು ಆ ಪ್ರೋಗ್ರಾಮನ್ನೇ ಓಡಿಸಿಬಿಡುತ್ತದೆ. ನೇರ ಪಟ್ಟಿಯಲ್ಲಿ ನಾಲ್ಕು, ಪೂರ್ತಿ ಪಟ್ಟಿಯಲ್ಲಿ ನಲವತ್ತು ಇದ್ದರೆ ಉಳಿದ ಮೂವತ್ತಾರನ್ನು ಬರೆದವರು ಆರಿಸಿದ್ದಲ್ಲ, ಅವು ಜೊತೆಗೆ ಬಂದವು. ಅಡಿಕೆ ಮರಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿಯ ಹಾಗೆ, ಮರ ಬಿದ್ದ ದಿನ ಬಳ್ಳಿಯೂ ನೆಲಕ್ಕೆ.

ಇದು ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ 2024ರ ಮಾರ್ಚ್ ಕೊನೆಯಲ್ಲಿ ಹೊರಬಿದ್ದ ಎಕ್ಸ್‌ಝಡ್ ಪ್ರಕರಣವನ್ನು ಬಿಡಿಸಿ ನೋಡಬೇಕು. ಕಡತ ಕುಗ್ಗಿಸುವ ಎಕ್ಸ್‌ಝಡ್‌ನ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕಳ್ಳಬಾಗಿಲು ಸೇರಿಸಲಾಗಿತ್ತು, ಗುರಿ ದೂರದಿಂದ ಲಾಗಿನ್ ಆಗಲು ಬಿಡುವ ಎಸ್‌ಎಸ್‌ಎಚ್ ಸರ್ವರ್. ಆ ಸರ್ವರ್‌ನ ಪ್ರೋಗ್ರಾಮ್ ಓಪನ್‌ಎಸ್‌ಎಸ್‌ಎಚ್‌ಗೂ ಆ ಕಂಪ್ರೆಶನ್ ಲೈಬ್ರರಿಗೂ ನೇರ ಸಂಬಂಧವೇ ಇರಲಿಲ್ಲ. ಡೆಬಿಯನ್, ಫೆಡೋರಾದಂಥ ವಿತರಣೆಗಳು "ಸರ್ವರ್ ಎದ್ದಿತು" ಎಂದು, ಸೇವೆಗಳನ್ನು ಶುರುಮಾಡಿ ನಡೆಸುವ ಸಿಸ್ಟಮ್‌ಡಿಗೆ ತಿಳಿಸಲು ಲಿಬ್‌ಸಿಸ್ಟಮ್‌ಡಿಯನ್ನು ಜೋಡಿಸಿದ್ದವು, ಅದರ ಬೆನ್ನಿಗೆ ಎಕ್ಸ್‌ಝಡ್‌ನ ಲೈಬ್ರರಿ ಲಿಬ್‌ಎಲ್‌ಝಡ್‌ಎಂಎ ಬಂದಿತ್ತು. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಕೋಡು ಬರೆಯುವ ಆಂಡ್ರೆಸ್ ಫ್ರಾಯಿಂಡ್ ಲಾಗಿನ್ ಅರ್ಧ ಸೆಕೆಂಡಿನಷ್ಟು ತಡವಾಗುತ್ತಿದೆ ಎಂದು ಬೆನ್ನುಹತ್ತಿದ್ದರಿಂದ ಇದು ಸಿಕ್ಕಿತು. ಡೆಬಿಯನ್‌ನ ಸ್ಥಿರ ಆವೃತ್ತಿಗೂ ಉಬುಂಟು 22.04ಕ್ಕೂ ಅದು ತಲುಪಿರಲಿಲ್ಲ.

ಆ "ಎದ್ದಿತು" ಎಂಬ ಸುದ್ದಿ ಮುಟ್ಟಿಸಲು ಬೇಕಾದದ್ದೆಷ್ಟು? ನೋಟಿಫೈ ಸಾಕೆಟ್ ಎಂಬ ಎನ್ವಿರಾನ್‌ಮೆಂಟ್ ವೇರಿಯೆಬಲ್‌ನಲ್ಲಿ ಹೇಳಿದ ಯುನಿಕ್ಸ್ ಸಾಕೆಟ್‌ಗೆ "ರೆಡಿ=1" ಎಂಬ ಒಂದು ಸಾಲು ಬರೆದರೆ ಆಯಿತು. 2024ರ ಜುಲೈನಲ್ಲಿ ಬಂದ ಓಪನ್‌ಎಸ್‌ಎಸ್‌ಎಚ್ 9.8ರಲ್ಲಿ ಆ ಚಿಕ್ಕ ಕೋಡನ್ನು ಅವರೇ ಬರೆದು ಸೇರಿಸಿದರು, ಆ ಕೆಲಸಕ್ಕೆ ಇನ್ನು ಲೈಬ್ರರಿ ಬೇಡ.

ಹಾಗೆಂದು ಎಲ್ಲವನ್ನೂ ಸ್ವತಃ ಬರೆಯಹೊರಟರೆ ಕೆಡುವುದು ಹೆಚ್ಚು. ಗೂಢಲಿಪಿ, ಸಮಯವಲಯದ ಲೆಕ್ಕ, ಪರದೆಯ ಮೇಲೆ ಕನ್ನಡದ ಒತ್ತು ಕೂಡಿಸುವ ಕೆಲಸ, ಇವಕ್ಕೆ ಕೈ ಹಾಕಬಾರದು. ಒತ್ತಕ್ಷರ ಮೂಡಿಸಲು ಹಾರ್ಫ್‌ಬಝ್ ಇದೆ, ಅದನ್ನೇ ಬಳಸಿ. ಆದರೆ ಅಕ್ಷರ ಎಣಿಸುವುದು ಬೇರೆ ವಿಷಯ. ಪದಬಂಧದ ಆಟ ಬರೆಯುವವರಿಗೆ ಮೊದಲ ದಿನವೇ ಇದು ಎದುರಾಗುತ್ತದೆ. ಪೈಥಾನ್ ಭಾಷೆಯಲ್ಲಿ ಉದ್ದ ಎಣಿಸುವ ಲೆನ್ "ಮಂಜೇಶ್ವರ"ಕ್ಕೆ 8 ಎನ್ನುತ್ತದೆ, ಮಗು ಎಣಿಸುವುದು ಮಂ-ಜೇ-ಶ್ವ-ರ, ನಾಲ್ಕು. ಲೈಬ್ರರಿ ಬಳಸೋಣವೆಂದು 22.04ರ ರೆಜೆಕ್ಸ್ ಎಂಬ ಪಠ್ಯ ಹುಡುಕುವ ಮಾಡ್ಯೂಲ್ ಹಾಕಿ ಅದರ ದೊಡ್ಡ ಎಕ್ಸ್ ಗುರುತು ಕೊಟ್ಟರೆ 5 ಬರುತ್ತದೆ. ಅದು ಹಲಂತದ ನಂತರದ ವ್ಯಂಜನವನ್ನು ಬೇರೆ ಮಾಡಿ "ಶ್" ಮತ್ತು "ವ" ಎಂದು ಎರಡಾಗಿ ಎಣಿಸುತ್ತದೆ. ಇಲ್ಲಿ ಕಡ ತಂದ ಲೈಬ್ರರಿಗೆ ನಮ್ಮ ಒತ್ತು ಗೊತ್ತಿಲ್ಲ.

ಅಕ್ಷರ ಎಣಿಸಲು ಪೈಥಾನ್‌ನ ಜೊತೆಗೇ ಬರುವ ಯುನಿಕೋಡ್‌ಡೇಟಾ ಸಾಕು. ಮೊದಲು ಪಠ್ಯವನ್ನು ಎನ್‌ಎಫ್‌ಸಿ (ತುಂಡುಗಳು ಕೂಡಿದ) ರೂಪಕ್ಕೆ ತನ್ನಿ, ಇಲ್ಲದಿದ್ದರೆ ಎರಡು ಮೂರು ತುಂಡಾಗಿ ಬಂದ "ೋ" ಉತ್ತರ ತಾಳೆ ನೋಡುವಾಗ ಕೈಕೊಡುತ್ತದೆ. ಆಮೇಲೆ ಪ್ರತಿ ಚಿಹ್ನೆಯ ವರ್ಗ ಕೇಳಿ. ವರ್ಗದ ಹೆಸರು ಎಂ ಇಂದ ಶುರುವಾದರೆ (ಸ್ವರಚಿಹ್ನೆ, ಅನುಸ್ವಾರ, ಹಲಂತ) ಹಿಂದಿನ ಅಕ್ಷರಕ್ಕೆ ಸೇರಿಸಿ. ಹಿಂದಿನ ಚಿಹ್ನೆ ಹಲಂತವಾಗಿದ್ದು ಈಗಿನದು ವ್ಯಂಜನವಾದರೆ ಅದನ್ನೂ ಸೇರಿಸಿ. ನಡುವೆ ಒತ್ತು ಕೂಡದಂತೆ ತಡೆಯುವ, ಕಣ್ಣಿಗೆ ಕಾಣದ ಝಡ್‌ಡಬ್ಲ್ಯೂಎನ್‌ಜೆ ಚಿಹ್ನೆ ಬಂದರೆ ಅದನ್ನು ಹಿಂದಿನದಕ್ಕೆ ಅಂಟಿಸಿ, ಮುಂದಿನ ವ್ಯಂಜನವನ್ನು ಹೊಸ ಅಕ್ಷರವಾಗಿ ಹಿಡಿಯಿರಿ, "ಲ್ಯಾಬ್‌ಗಳು" ನಾಲ್ಕಾಗುವುದು ಹಾಗೆ. "ಧರ್ಮಸ್ಥಳ" ನಾಲ್ಕು, "ಕಾಸರಗೋಡು" ಐದು ಬಂದರೆ ನಿಮ್ಮ ಹತ್ತು ಸಾಲು ಸರಿ.

ಬೇಸರದ ಸಂಗತಿಯೆಂದರೆ ಹೊಸ ಲೈಬ್ರರಿ ಸೇರಿಸುವಾಗ ಯಾರೂ ತುಟಿ ಬಿಚ್ಚುವುದಿಲ್ಲ, ಸಾಲಿನ ಆರಂಭದ ಜಾಗಕ್ಕೆ (ಇಂಡೆಂಟ್) ಟ್ಯಾಬ್ ಹಾಕಬೇಕೋ ಸ್ಪೇಸ್ ಹಾಕಬೇಕೋ ಎಂಬುದಕ್ಕೆ ವಾರಗಟ್ಟಲೆ ಚರ್ಚೆ. ಲಿನಕ್ಸ್ ಕರ್ನಲ್‌ನ ನಿಯಮ 8 ಅಗಲದ ಟ್ಯಾಬ್, ಗ್ನೂ ಶೈಲಿಗೆ 2 ಸ್ಪೇಸ್, ಪೈಥಾನ್‌ನ ಪೆಪ್ 8ಕ್ಕೆ 4. ಸೇರಿಕೊಂಡ ಯೋಜನೆಯಲ್ಲಿ ಏನಿದೆಯೋ ಅದನ್ನೇ ಪಾಲಿಸಿ, ಇಂಡೆಂಟ್ ಸರಿಮಾಡುವ ಕೆಲಸವನ್ನು ಕ್ಲ್ಯಾಂಗ್-ಫಾರ್ಮ್ಯಾಟ್, ಬ್ಲ್ಯಾಕ್‌ನಂಥ ಉಪಕರಣಕ್ಕೆ ಒಪ್ಪಿಸಿ. ಹಾಗೆ ಇಡೀ ಕಡತ ಸರಿಮಾಡಿದ್ದು ಬೇರೆ ಕಮಿಟ್ (ದಾಖಲಿಸಿದ ಬದಲಾವಣೆ) ಆಗಿರಲಿ. ದೋಷ ತಿದ್ದಿದ ಎರಡು ಸಾಲು ಇಂಡೆಂಟ್ ಬದಲಾದ ಸಾವಿರ ಸಾಲಿನ ನಡುವೆ ಹೂತುಹೋದರೆ ಪರಿಶೀಲಿಸುವವರಿಗೆ ಅದು ಸಿಗುವುದಿಲ್ಲ.

ಶೈಲಿಯಿಂದಲೇ ಪ್ರೋಗ್ರಾಮ್ ನಿಲ್ಲುವ ಜಾಗಗಳೂ ಇವೆ. ಪ್ರೋಗ್ರಾಮ್ ಕಟ್ಟುವ ಸೂಚನೆಗಳಿರುವ ಮೇಕ್‌ಫೈಲ್‌ನಲ್ಲಿ ಆಜ್ಞೆಯ ಸಾಲು ಟ್ಯಾಬ್‌ನಿಂದಲೇ ಶುರುವಾಗಬೇಕು, ಸ್ಪೇಸ್ ಇದ್ದರೆ "ಮಿಸ್ಸಿಂಗ್ ಸೆಪರೇಟರ್". ಮಕ್ಕಳ ಪೈಥಾನ್‌ನಲ್ಲಿ ಇದು ತಿರುವುಮುರುವು. ಪೈಥಾನ್‌ನ ಎಡಿಟರ್ ಐಡಲ್‌ನಲ್ಲಿ ಟ್ಯಾಬ್ ಒತ್ತಿದರೆ 4 ಸ್ಪೇಸ್ ಬೀಳುತ್ತದೆ. ಅದೇ ಕಡತವನ್ನು ಉಬುಂಟುವಿನ ಎಡಿಟರ್ ಜಿಎಡಿಟ್‌ನಲ್ಲಿ ತೆರೆದು ಒತ್ತಿದರೆ ನಿಜವಾದ ಟ್ಯಾಬ್. ಎರಡೂ ಬೆರೆತು "ಟ್ಯಾಬ್ ಎರರ್". ಜಿಎಡಿಟ್‌ನ ಪ್ರಿಫರೆನ್ಸಸ್‌ನಲ್ಲಿ ಟ್ಯಾಬ್ ಅಗಲ 4 ಮಾಡಿ, ಟ್ಯಾಬ್ ಬದಲು ಸ್ಪೇಸ್ ಹಾಕುವ ಆಯ್ಕೆಗೆ ಗುರುತು ಹಾಕಿದರೆ ಲ್ಯಾಬ್‌ನ ಅರ್ಧ ಗೋಳು ಮುಗಿಯುತ್ತದೆ.

ಇನ್ನೊಂದು ರೂಢಿ ತಪ್ಪಬೇಕು: ಸುಡೋ ಪಿಪ್, ಎಂದರೆ ಅಡ್ಮಿನ್ ಹಕ್ಕಿನಿಂದ ಪೈಥಾನ್ ಮಾಡ್ಯೂಲ್ ಹಾಕುವುದು. 22.04ರಲ್ಲಿ ಅದು ಯುಎಸ್‌ಆರ್ ಲೋಕಲ್ ಒಳಗೆ ಮಾಡ್ಯೂಲ್ ಇಳಿಸುತ್ತದೆ. ಪೈಥಾನ್ ಹುಡುಕುವಾಗ ಆಪ್ಟ್ ಹಾಕಿದ್ದಕ್ಕಿಂತ ಮೊದಲು ಅಲ್ಲೇ ನೋಡುತ್ತದೆ. ಪ್ರಿಂಟರ್ ಸೆಟ್ಟಿಂಗ್, ಅಪ್‌ಡೇಟ್ ತೋರಿಸುವ ಕಿಟಕಿ ಇವೂ ಪೈಥಾನ್‌ನಲ್ಲೇ ಬರೆದವು, ಹೊಸ ಮಾಡ್ಯೂಲ್ ಅವಕ್ಕೆ ಹೊಂದದಿದ್ದರೆ ತೆರೆಯುವುದೇ ಇಲ್ಲ. ಡೆಬಿಯನ್ 12 ಮತ್ತು ಉಬುಂಟು 24.04 ಈ ಅಭ್ಯಾಸವನ್ನು ತಡೆದೇಬಿಟ್ಟಿವೆ. ಮೊದಲು ಆಪ್ಟ್‌ನಲ್ಲಿ "ಪೈಥಾನ್3-" ಎಂದು ಶುರುವಾಗುವ ಪ್ಯಾಕೇಜ್ ಹುಡುಕಿ. ಸಿಗದಿದ್ದರೆ ಮಾತ್ರ ವೆನ್ವ್ (ಪ್ರತ್ಯೇಕ ಪೈಥಾನ್ ಆವರಣ) ಮಾಡಿ ಅದರೊಳಗೆ ಪಿಪ್ ಓಡಿಸಿ, ಉಬುಂಟುವಿನಲ್ಲಿ ಪೈಥಾನ್3-ವೆನ್ವ್ ಪ್ಯಾಕೇಜನ್ನು ಬೇರೆಯೇ ಹಾಕಿಕೊಳ್ಳಬೇಕು.

ಶಾಲೆಗಳಿಗೆ ಡೆಬ್ ಮಾಡಿಕೊಡುವವರು ಬೇಕೇಬೇಕಾದ ಪ್ಯಾಕೇಜುಗಳ ಡಿಪೆಂಡ್ಸ್ ಸಾಲಿನಲ್ಲಿ ನಿಜವಾಗಿ ಇಂಪೋರ್ಟ್ ಮಾಡಿದ್ದನ್ನು ಮಾತ್ರ ಬರೆಯಲಿ, ಇದೇ ಆವೃತ್ತಿ ಬೇಕೆಂದು ಸಮಚಿಹ್ನೆ ಹಾಕಿ ಕಟ್ಟಬಾರದು. ಇದ್ದರೆ ಒಳ್ಳೆಯದು ಎನ್ನುವಂಥದ್ದನ್ನು ರೆಕಮೆಂಡ್ಸ್‌ಗೆ ಹಾಕಿದರೂ ಆಪ್ಟ್ ಅದನ್ನು ತಾನಾಗಿ ಎಳೆದು ತರುತ್ತದೆ, ಹಳೆಯ ಮೆಶೀನಿನ ಜಾಗ ತುಂಬುವುದು ಇದರಿಂದಲೇ. ಬೇಕಿಲ್ಲದ್ದು ಸಜೆಸ್ಟ್ಸ್‌ಗೆ ಹೋಗಲಿ. ಸಿ ಭಾಷೆಯದ್ದಾದರೆ ಇರುವುದರಲ್ಲಿ ಅತಿ ಹಳೆಯ ಆವೃತ್ತಿಯ ಮೇಲೆ ಕಟ್ಟಿ. ಸಿ ಪ್ರೋಗ್ರಾಮುಗಳ ಮೂಲ ಲೈಬ್ರರಿ ಜಿಲಿಬ್‌ಸಿ 18.04ರಲ್ಲಿ 2.27, 22.04ರಲ್ಲಿ 2.35. ಹೊಸದರ ಮೇಲೆ ಕಟ್ಟಿದ್ದು ಹಳೆಯದರಲ್ಲಿ "ಜಿಲಿಬ್‌ಸಿ 2.34 ಸಿಗಲಿಲ್ಲ" ಎಂದು ನಿಲ್ಲುವುದುಂಟು.

ಕಳಿಸುವ ಮುಂಚೆ ವರ್ಚುವಲ್ ಮೆಶೀನಿನಲ್ಲಿ ಏನೂ ಸೇರಿಸದ ಹೊಸ ಇನ್‌ಸ್ಟಾಲ್ ಮಾಡಿ, ಕಡತದ ಹೆಸರಿನ ಮುಂದೆ ಚುಕ್ಕೆ ಮತ್ತು ಓರೆಗೆರೆ ಹಾಕಿ ಆಪ್ಟ್ ಇನ್‌ಸ್ಟಾಲ್‌ಗೆ ಮೈನಸ್ ಎಸ್ ಕೊಡಿ. ಏನೂ ಹಾಕದೆ, ಏನೆಲ್ಲ ಬರಲಿದೆ ಎಂದಷ್ಟೇ ತೋರಿಸುತ್ತದೆ. ಮಳೆಗಾಲದಲ್ಲಿ ನೆಟ್ ಹೋದ ಶಾಲೆಗೆ ಆ ಪಟ್ಟಿಯಲ್ಲಿರುವ ಪ್ರತಿ ಪ್ಯಾಕೇಜನ್ನೂ ಅದೇ ಮೆಶೀನಿನಲ್ಲಿ ಆಪ್ಟ್-ಗೆಟ್ ಡೌನ್‌ಲೋಡ್ ಮಾಡಿ ಒಂದೇ ಫೋಲ್ಡರ್‌ನಲ್ಲಿ ಕಳಿಸಬೇಕು. ಪಟ್ಟಿ ಒಂದು ಪರದೆಗೆ ಹಿಡಿಸದಷ್ಟು ಉದ್ದ ಬಂದರೆ ಫೋಲ್ಡರ್ ತುಂಬುವುದನ್ನು ನಿಲ್ಲಿಸಿ, ಮರಳಿ ಇಂಪೋರ್ಟ್ ಸಾಲುಗಳಿಗೆ ಹೋಗಿ.